ರಾಗಿ ಸರಿ: ಆತುರವೂ ಬೇಡ, ನೀರು ನೀರೂ ಬೇಡ

ನಮ್ಮ ಹನುಮಂತನಗರದಲ್ಲಿ ಮಗುವಿಗೆ ನಾಲ್ಕು ತಿಂಗಳು ತುಂಬಿದರೆ ಸಾಕು, ‘ಇನ್ನೂ ಸರಿ ಶುರು ಮಾಡಿಲ್ವಾ?’ ಅಂತ ಕೇಳುವವರು ಸಿಗುತ್ತಾರೆ. ಮಗು ರಾತ್ರಿ ಅತ್ತರೂ ಹಾಲು ಸಾಲುತ್ತಿಲ್ಲ, ಬೆರಳು ಚೀಪಿದರೂ ಹಾಲು ಸಾಲುತ್ತಿಲ್ಲ. ನಮ್ಮತ್ತೆಯೂ ಅದನ್ನೇ ಅಂದರು. ನಾನು ವಾದಕ್ಕೆ ಇಳಿಯಲಿಲ್ಲ, ಒದ್ದೆ ಬಟ್ಟೆಗಳನ್ನು ತೋರಿಸಿದೆ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಾ ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಆರು ತಿಂಗಳವರೆಗೆ ಡಾಕ್ಟರ್ ಬರೆದ ಡ್ರಾಪ್ಸ್ ಬಿಟ್ಟರೆ ಎದೆಹಾಲೊಂದೇ ಸಾಕು. ಏಪ್ರಿಲ್ ಬಿಸಿಲಿನಲ್ಲೂ ನೀರು ಬೇಡ.

ಆದರೆ ಅತ್ತೆಯರನ್ನೇ ಬೈದು ಏನು ಬಂತು? ಬೇಗ ಸರಿ ಹಿಡಿಸುವುದು ಎಷ್ಟೋ ಸಲ ಆಫೀಸು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಹೆರಿಗೆಗೆ ಮುಂಚೆಯೇ 8 ವಾರ ತೆಗೆದುಕೊಂಡರೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಚಿಲ್ಲರೆ. ಮೈ ಒಪ್ಪಿದರೆ ರಜೆಯನ್ನು ಹೆರಿಗೆಯ ಆಮೇಲಕ್ಕೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಹಾಲು ಹಿಂಡಿಟ್ಟು ಹೋಗಿ. ಹೊರಗೆ ತಂಪಾದ ಕಡೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ. ಅಜ್ಜಿ ಒಳಲೆಯಲ್ಲಿ ಕುಡಿಸಲಿ. ಆ ಕೆಲಸ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಆರು ತುಂಬಿದ ಮೇಲೆ ತಡ ಮಾಡುವುದೂ ಸರಿಯಲ್ಲ. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಆ ಹೊತ್ತಿಗೆ ಖಾಲಿಯಾಗುತ್ತಾ ಬಂದಿರುತ್ತದೆ. ಕತ್ತು ನಿಂತು, ಒರಗಿಸಿದರೆ ಕೂತು, ಚಮಚವನ್ನು ನಾಲಿಗೆಯಿಂದ ಹೊರಗೆ ತಳ್ಳದಿದ್ದರೆ ಶುರು ಮಾಡಿ. ಅನ್ನಪ್ರಾಶನದ ಮುಹೂರ್ತ ಮುಂದಿನ ತಿಂಗಳಿದ್ದರೆ ಇರಲಿ ಬಿಡಿ. ಶಾಸ್ತ್ರಕ್ಕೆ ಅಂತ ಜೇನು ನೆಕ್ಕಿಸುವುದು ಮಾತ್ರ ಬೇಡವೇ ಬೇಡ. ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟ್ಯುಲಿಸಂ ಅನ್ನುವ, ಸ್ನಾಯುಗಳ ಬಲ ಕಸಿಯುವ ಅಪಾಯದ ಕಾಯಿಲೆ ಬರಬಹುದು.

ಹಿಟ್ಟಿಗೆ ಒಂದು ಸೇರು ರಾಗಿ ಜಾಸ್ತಿಯಾಯಿತು, ಅರ್ಧ ಸೇರು ಸಾಕು. ಕಲ್ಲು ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಮಾರನೇ ದಿನವೇ ಮೊಳಕೆ ಇಣುಕುತ್ತದೆ, ಡಿಸೆಂಬರಿನಲ್ಲಿ ಇನ್ನೊಂದು ದಿನ ಬೇಕು. ಗರಿಗರಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವಷ್ಟೇ ಹುರಿಯಿರಿ. ಮಿಲ್ಲಿನಲ್ಲಿ ಖಾರದಪುಡಿಯ ಮೆಷಿನ್ ಬೇರೆ ಇದೆಯಾ ಅಂತ ಕೇಳಿಯೇ ಕೊಡಿ. ಮನೆಗೆ ತಂದು ತೆಳು ಪಂಚೆ ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿ.

ಮಾಡುವಾಗ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈ ಬಿಡದೆ ತಿರುವುತ್ತಾ ಹೊಳಪು ಬರುವವರೆಗೆ ಬೇಯಿಸಿ. ಮೊಳಕೆ ರಾಗಿಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ತಾನಾಗೇ ತೆಳ್ಳಗಾಗುತ್ತದೆ. ಹಾಗಾಗಿ ಹಿಟ್ಟು ಸ್ವಲ್ಪ ಜಾಸ್ತಿ ಹಾಕಿದರೂ ಮಗು ನುಂಗುತ್ತದೆ. ಕಪ್ಪಗೆ ಹುರಿದರೆ ಈ ಗುಣ ಹೋಗುತ್ತದೆ. ಚಮಚ ಓರೆ ಮಾಡಿದರೆ ಸರಿ ಜಾರಿ ಓಡಬಾರದು, ನಿಧಾನಕ್ಕೆ ಬೀಳಬೇಕು. ನೀರು ನೀರಾದ ಸರಿಯಿಂದ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಬಾಟಲಿಯ ನಿಪ್ಪಲ್ ತೂತು ದೊಡ್ಡದು ಮಾಡಿ ಸರಿ ಕುಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಚಮಚದಲ್ಲೇ ಕೊಡಿ.

ಮೊದಮೊದಲು ದಿನಕ್ಕೆ ಎರಡು ಹೊತ್ತು, ಒಂದೆರಡು ಚಮಚ. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಸಪ್ಪೆ ಅನ್ನಿಸುವುದು ನಮಗೆ, ಮಗುವಿಗಲ್ಲ. ಎದೆಹಾಲು ಮಾತ್ರ ಕಡಿಮೆ ಮಾಡಬೇಡಿ, ಎರಡು ವರ್ಷ ಮತ್ತು ಆಮೇಲೂ ಕೊಡಬಹುದು. ರಾಗಿಯಲ್ಲಿ ಕ್ಯಾಲ್ಸಿಯಂ ದಂಡಿಯಾಗಿದೆ, ಆದರೆ ಕಬ್ಬಿಣಕ್ಕೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಕೆಲವು ದಿನ ಕಳೆದ ಮೇಲೆ ಬೇಳೆ ತೊವ್ವೆ ಕಲಸಿದ ಮೆತ್ತನೆ ಅನ್ನ, ಮಸೆದ ಸಿಹಿಗುಂಬಳ, ಏಲಕ್ಕಿ ಬಾಳೆಹಣ್ಣು ಕೊಡಿ. ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನೂ ಒಂದೊಂದು ಚೂರು ಕೊಡುತ್ತಾ ಹೋಗಿ.