ಬೂಸ್ಟು ಹಿಡಿಯದ ಕಾಡು: ಇಸುರಾವಾ ಮಾಡೆಲ್ ಮಾಡಿದ ನನ್ನ ಅನುಭವ

ಎರಡು ಮಳೆಗಾಲ ದಾಟಿದೆ, ಇಸುರಾವಾ ಯುದ್ಧ ತೋರಿಸಲು ನಾನು ಮನೆಯಲ್ಲಿ ಮಾಡಿದ ಪುಟ್ಟ ಮಾಡೆಲ್ಲಿನ ಕಾಡಿಗೆ ಇನ್ನೂ ಬೂಸ್ಟು ಬಂದಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ತೀರ್ಥಹಳ್ಳಿ ಕಡೆಯವರಿಗೆ ಹೇಳಬೇಕಿಲ್ಲ. ಜುಲೈ ಬಂತೆಂದರೆ ಇಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲ ಬೆಳ್ಳಗಾಗುತ್ತವೆ. "ನಿಜವಾದ ಪಾಚಿ ಹಾಕ್ತೀಯಾ? ಒಂದೇ ಮಳೆಗೆ ಗೊಬ್ಬರ ಆಗುತ್ತೆ ಬಿಡು ಮಾರಾಯ" ಅಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಪಾಚಿ ಕೇಳಿಕೊಂಡು ಬರುತ್ತಾರೆ.

ಇಸುರಾವಾ ಯಾಕೆ ಅಂದರೆ, ಅಲ್ಲಿ ಕಾಡಿಲ್ಲದೆ ಕಥೆಯೇ ಇಲ್ಲ. ಎರಡನೇ ಮಹಾಯುದ್ಧ, 1942ರ ಆಗಸ್ಟ್ ಕೊನೆ. ನ್ಯೂಗಿನಿ ದ್ವೀಪದ ಪಪುವಾದಲ್ಲಿ ಬೆಟ್ಟ ದಾಟುವ ಕೊಕೊಡಾ ಕಾಲುದಾರಿ, ಅದರ ಮೇಲಿನ ಒಂದು ಹಳ್ಳಿ ಇಸುರಾವಾ. ಆಸ್ಟ್ರೇಲಿಯಾದ 39ನೇ ಬೆಟಾಲಿಯನ್, ಅರೆಬರೆ ತರಬೇತಿಯ ಹುಡುಗರೇ ಜಾಸ್ತಿ, ವಾರಗಟ್ಟಲೆ ಕಾದಾಡಿ ಹಿಂದೆ ಸರಿದು ಬಂದು ಸುಸ್ತಾಗಿದ್ದರು. ಎದುರಿಗೆ ಜನರಲ್ ಹೊರಿಯ ಜಪಾನಿ ಪಡೆ, ತಲೆ ಎಣಿಕೆಯಲ್ಲಿ ತುಂಬಾ ಮುಂದೆ, ಜೊತೆಗೆ ಬಿಚ್ಚಿ ಹೊತ್ತು ತಂದ ಬೆಟ್ಟದ ಫಿರಂಗಿ. ಆಸ್ಟ್ರೇಲಿಯಾದವರ ಹತ್ತಿರ ಗುಂಡಿ ತೋಡಲು ಸಲಿಕೆ ಕೂಡ ಸಾಕಷ್ಟಿರಲಿಲ್ಲ. ಬಯೊನೆಟ್, ಹೆಲ್ಮೆಟ್, ಮಾಂಸದ ಖಾಲಿ ಡಬ್ಬಿಯಲ್ಲೇ ಕೆದಕಿದರು. ನನ್ನ ಮಾಡೆಲ್‌ನಲ್ಲಿ ಒಬ್ಬ ಡಬ್ಬಿ ಹಿಡಿದು ಕೆದಕುತ್ತಿದ್ದಾನೆ, ಆ ಡಬ್ಬಿ ಸಾಸಿವೆ ಕಾಳಿಗಿಂತ ಸಣ್ಣದು, ಮಾತ್ರೆಯ ಶೀಟಿನ ಬೆಳ್ಳಿ ಹಾಳೆ ಸುತ್ತಿ ಮಾಡಿದ್ದು. ಮಾಡೆಲ್ ಮಾಡುವ ಹೆಚ್ಚಿನವರು 1:72 ಅಳತೆಯ, ಅಂದರೆ ನಿಜದ ಎಪ್ಪತ್ತೆರಡನೇ ಒಂದು ಪಾಲಿನ, ಆಟಿಕೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಹಿಂದೆ ನಾಲ್ಕು ಪ್ಲಾಸ್ಟಿಕ್ ತೆಂಗು ನೆಡುತ್ತಾರೆ. ಅದು ಬೀಚು, ಕಾಡಲ್ಲ.

ಮೊದಲು ರೆಡಿಮೇಡ್ ಎಲೆ ತರಿಸಿದೆ. ಅಂಗೈಯಗಲದ ಪೊಟ್ಟಣಕ್ಕೆ ಐದಾರು ನೂರು, ಆ ದುಡ್ಡಿಗೆ ಒಂದು ಡಬ್ಬಿ ಸೈನಿಕರೇ ಬರುತ್ತಿದ್ದರೇನೋ. ಸಾಲದ್ದಕ್ಕೆ ನೆಲಕ್ಕೆ ಬಳಿದ ಮೈದಾ ಅಂಟಿಗೆ ಜಿರಳೆ ಬಂದವು. ಅಂಟಿಗೆ ಫೆವಿಕಾಲ್, ಕಾಡಿಗೆ ತೋಟದ ಪಾಚಿ ಅಂತ ಬದಲಾಯಿಸಿದೆ. ತಿಂಗಳೊಳಗೆ ಪಾಚಿ ಕಂದು, ಮೇಲೆ ಬೂಸ್ಟು. ಪಾಚಿ ಮೆತ್ತಗಿರಲು ಗ್ಲಿಸರಿನ್ ಹಾಕಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಆ ಅಳತೆ ಅವರ ಒಣ ಊರಿಗೆ ಸರಿ. ಇಲ್ಲಿ ಗ್ಲಿಸರಿನ್ ಗಾಳಿಯ ನೀರನ್ನೆಲ್ಲ ಹೀರಿ ಇಡೀ ಗುಡ್ಡ ಬೆವರಲು ಶುರುಮಾಡಿತು.

ಕೊನೆಗೆ ದಾರಿ ತೋರಿಸಿದ್ದು ಅಡಿಕೆ ತೋಟ. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಬೂಸ್ಟೂ ಅದೇ ಜಾತಿಯ ಕಾಟ ಅಲ್ವಾ? ಹೊಡೆದು ಉಳಿದ ಮೈಲುತುತ್ತ ಮನೆಯಲ್ಲೇ ಇತ್ತು. ಸುಣ್ಣ ಸೇರಿಸಬಾರದು, ಬಿಳಿ ಕಲೆ ಕೂರುತ್ತದೆ. ಬಕೆಟ್ ನೀರಿಗೆ ಸಣ್ಣ ಹಿಡಿ ಬರೀ ಮೈಲುತುತ್ತ, ಪಾಚಿಯನ್ನು ಒಂದು ರಾತ್ರಿ ನೆನೆಸಿ, ಅಟ್ಟದಲ್ಲಿ ಒಣಗಿಸಿ, ಆಮೇಲೆ ಗ್ಲಿಸರಿನ್. ಗ್ಲೌಸ್ ಹಾಕಿಕೊಳ್ಳಿ. ಗ್ಲಿಸರಿನ್ ಅಳತೆ ಹೇಳುವುದಿಲ್ಲ, ಅದಕ್ಕೇ ನನಗೆ ಒಂದು ವರ್ಷ ಹಿಡಿದಿದೆ. ಪಾಚಿಗೆ ಬರುವ ನೀಲಿ ಛಾಯೆ ಹೋಗಿಸುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಬಳ್ಳಿಗೆ ಬೈಂಡಿಂಗ್ ವೈರ್ ಬೇಡ. ಮೈಲುತುತ್ತ ತಾಗಿದ ಕಬ್ಬಿಣ ಕೆಂಪಾಗಿ ತುಂಡಾಗುತ್ತದೆ, ಬೋರ್ಡೋ ಕಲಸುವವರು ಕಬ್ಬಿಣದ ಪಾತ್ರೆ ಮುಟ್ಟದಿರುವುದು ಇದಕ್ಕೇ. ಸುಟ್ಟ ಫ್ಯಾನಿನ ತಾಮ್ರದ ತಂತಿ ಹಾಕಿದೆ, ಗುಜರಿಯಲ್ಲಿ ನೂರು ರೂಪಾಯಿಗೆ ಬೇಕಾದಷ್ಟು ಸಿಕ್ಕಿತು. ಮರಗಳಿಗೆ, ಅಡಿಕೆ ಬಿಡಿಸಿದ ಮೇಲೆ ಉಳಿಯುವ ಗೊನೆಯ ಕಡ್ಡಿ. ತಲೆಕೆಳಗೆ ನೆಟ್ಟರೆ ಬೇರು, ನೇರ ನೆಟ್ಟರೆ ಕೊಂಬೆ.

ಮಧ್ಯೆ ಬೇರೆ ಹುಚ್ಚೂ ಹತ್ತಿತ್ತು. ಅದೇ ಕೊಕೊಡಾ ದಾರಿಯ ಹತ್ತಿರದ ಮಯೋಲಾ ಬಯಲಿನಲ್ಲಿ ಆಸ್ಟ್ರೇಲಿಯಾದ ಪಡೆಗೆ ವಿಮಾನದಿಂದ ಪ್ಯಾರಾಚೂಟ್ ಇಲ್ಲದೆ ಮೂಟೆ ಎಸೆಯುತ್ತಿದ್ದರು, ಎಷ್ಟೋ ಒಡೆದು ಹಾಳಾದವು, ಕಾಡು ಸೇರಿದವು. ಅದನ್ನು ನೋಡೋಣ ಅಂತ ಅಕ್ಕಿ ತುಂಬಿದ ಬಟ್ಟೆಯ ಸಣ್ಣ ಗಂಟುಗಳನ್ನು ಅಟ್ಟದಿಂದ ಮಾಡೆಲ್ ಮೇಲೆ ಬಿಟ್ಟೆ. ಅರ್ಧಕ್ಕರ್ಧ ಪಾಚಿಯೊಳಗೆ ಮಾಯ. ಒಂದೆರಡು ಇನ್ನೂ ಅಲ್ಲೇ ಇರಬೇಕು. ಹಳೇ ಮೊಬೈಲಿನಲ್ಲಿ ಜೀರುಂಡೆ ಸದ್ದು ತುಂಬಿ ಕೆಳಗಿಟ್ಟದ್ದು ಮಾತ್ರ ಮನೆಯವರಿಗೆ ತಲೆನೋವಾಗಿ ನಿಂತಿತು.

ಹಾಳಾದದ್ದು ಬಿಟ್ಟು ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು, ಅದರಲ್ಲಿ ಮುಕ್ಕಾಲು ಸೈನಿಕರಿಗೇ. ಹಾಳಾದದ್ದು ಸೇರಿಸಿದರೆ ಹತ್ತು ದಾಟುತ್ತದೆ, ಮನೆಯಲ್ಲಿ ಮೊದಲಿನ ಲೆಕ್ಕ ಮಾತ್ರ ಹೇಳಿದ್ದೇನೆ. ಬೆಂಗಳೂರಿನ ಒಬ್ಬರು ಕೊಳ್ಳುತ್ತೇನೆ ಅಂದರು. ಬಸ್ಸಿನಲ್ಲಿ ಆಗುಂಬೆ ಕಡೆಗೆ ಸಾಗಿಸಿದ್ದಕ್ಕೇ ಎರಡು ಮರ ವಾಲಿವೆ, ಬೇಕಾದರೆ ಬಂದು ಹೊತ್ತುಕೊಂಡು ಹೋಗಿ ಅಂದಿದ್ದೇನೆ.