ಹತ್ತು ವೋಲ್ಟಿನ ಲೆಕ್ಕ: ದೊಡ್ಡಪ್ಪನ ವಾಲ್ವ್ ಆಂಪ್ಲಿಫೈಯರ್ ರಿಪೇರಿ

ಸಾಗರದ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ, ಗೋಣಿತಾಟು ಸುತ್ತಿಟ್ಟ ಆಂಪ್ಲಿಫೈಯರ್ ಒಂದು ಇಪ್ಪತ್ತು ವರ್ಷದಿಂದ ಕೂತಿತ್ತು. ಅದರ ಪಕ್ಕದಲ್ಲಿ ಹಲಸಿನ ಹಲಗೆಯ ಸ್ಪೀಕರ್ ಪೆಟ್ಟಿಗೆ. ಎರಡನ್ನೂ ಕಟ್ಟಿದವರು ದೊಡ್ಡಪ್ಪ. 1964ರಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿ, ಅಲ್ಯುಮಿನಿಯಂ ತಗಡನ್ನು ಕೈಯಾರೆ ಮಡಚಿ, ತೂತು ಕೊರೆದು ಮಾಡಿದ್ದು. ಕಳೆದ ಬೇಸಿಗೆಯಲ್ಲಿ ಅಟ್ಟ ಗುಡಿಸುವಾಗ ದೊಡ್ಡಮ್ಮ, "ಅಪ್ಪಿ, ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡು. ಅವರು ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ" ಎಂದರು. ಹಳೆಯ ರೇಡಿಯೋಗಳನ್ನು ಬಿಚ್ಚಿ ಕಟ್ಟಿದ ಅಭ್ಯಾಸ ನನಗೆ ಇತ್ತು. ಆದರೆ ಆಂಪ್ಲಿಫೈಯರ್ ಅದೇ ಮೊದಲು.

ಕೆಳಗಿನ ತಗಡು ಬಿಚ್ಚಿದಾಗ ಒಳಗೆ ಪೆನ್ಸಿಲಿನಲ್ಲಿ ಬರೆದ ಸರ್ಕ್ಯೂಟ್ ಅಂಟಿಸಿತ್ತು. ಟ್ರಾನ್ಸಿಸ್ಟರಿಗೂ ಮೊದಲಿನ ಕಾಲದ, ಗಾಳಿ ತೆಗೆದ ಗಾಜಿನ ಕೊಳವೆಗಳೇ ವಾಲ್ವ್‌ಗಳು: ಇಎಫ್86 ಒಂದು, ಇಸಿಸಿ83 ಒಂದು, ಸ್ಪೀಕರಿಗೆ ಬಲ ಕೊಡುವ ಇಎಲ್84 ಎರಡು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಾಗಿ ಇಝಡ್81 ಒಂದು. ನೋಡಿದ ಕೂಡಲೇ ಗುರುತು ಸಿಕ್ಕಿತು. 1950ರ ದಶಕದಲ್ಲಿ ಇಂಗ್ಲೆಂಡಿನ ಮಲ್ಲಾರ್ಡ್ ಕಂಪನಿ ಹವ್ಯಾಸಿಗಳಿಗಾಗಿ ಪ್ರಕಟಿಸಿದ 5-10 ಸರ್ಕ್ಯೂಟ್ ಅದು. ಐದು ವಾಲ್ವ್, ಹತ್ತು ವ್ಯಾಟ್ ಎಂಬುದೇ ಹೆಸರಿನ ಅರ್ಥ. ಎರಡು ಇಎಲ್84ಗಳ ಗಾಜಿನ ಮೇಲೆ ಬಿಇಎಲ್ ಎಂದು ಮುದ್ರೆ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 60ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು ಎಂದು ಓದಿ ಗೊತ್ತಿತ್ತು. ಅಕ್ಷರ ಅರ್ಧ ಅಳಿಸಿಹೋದ ಆ ಗಾಜನ್ನು ಕೈಯಲ್ಲಿ ಹಿಡಿದಾಗ ಆದ ಸಂತೋಷವೇ ಬೇರೆ.

ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರವಾಗಿ ಪ್ಲಗ್‌ಗೆ ಹಾಕಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ವರ್ಷಗಟ್ಟಲೆ ಕರೆಂಟ್ ಕಾಣದ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗ) ಒಳಗೊಳಗೇ ಕೆಟ್ಟಿರಬಹುದು. ಅದು ಶಾರ್ಟ್ ಆದರೆ ರೆಕ್ಟಿಫೈಯರ್ ವಾಲ್ವ್ ಹೋಗುತ್ತದೆ, ಜೊತೆಗೆ ಮೈನ್ಸ್ ಟ್ರಾನ್ಸ್‌ಫಾರ್ಮರೂ ಸುಡಬಹುದು. ವಾಲ್ವ್ ಇಂದಿಗೂ ಸಿಗುತ್ತದೆ. ದೊಡ್ಡಪ್ಪ ಹೇಳಿ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಎಲ್ಲಿ ಸಿಗುತ್ತದೆ?

ಜೀವದ ಮಾತು ಅದಕ್ಕಿಂತ ದೊಡ್ಡದು. ಇದರೊಳಗೆ 300 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. 10 ಕಿಲೋ ಓಮಿನ 5 ವ್ಯಾಟ್ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಟ್ ಮಾಡಿದ ತಂತಿ ಕಟ್ಟಿಕೊಂಡಿದ್ದೇನೆ. ಒಳಗೆ ಕೈ ಹಾಕುವ ಮೊದಲು ಪ್ರತಿ ಸಲವೂ ಅದರಿಂದ ಕಂಡೆನ್ಸರ್ ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಮುಟ್ಟುತ್ತೇನೆ. ಕರೆಂಟ್ ಇರುವಾಗ ಅಳೆಯಬೇಕಾದರೆ ಎಡಗೈ ಬೆನ್ನ ಹಿಂದೆ ಇರುತ್ತದೆ. ದೊಡ್ಡಪ್ಪನ ಎರಡೆಳೆಯ ಬಟ್ಟೆ ವಯರ್ ತೆಗೆದು ಮೂರೆಳೆಯದು ಹಾಕಿ, ಚಾಸಿಗೆ, ಅಂದರೆ ಎಲ್ಲವನ್ನೂ ಕೂರಿಸಿದ ತಗಡಿನ ಚೌಕಟ್ಟಿಗೆ, ಅರ್ಥಿಂಗ್ ಕೊಟ್ಟೆ. ಒಂದು ಎಚ್ಚರಿಕೆ: ಯುಎಲ್84ರಂಥ 'ಯು' ಅಕ್ಷರದ ವಾಲ್ವ್‌ಗಳಿರುವ ಎಷ್ಟೋ ಹಳೆಯ ಎಸಿ-ಡಿಸಿ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಚಾಸಿಗೆ ಮೈನ್ಸ್ ನೇರವಾಗಿ ಬಂದಿರುತ್ತದೆ. ಅವುಗಳಿಗೆ ಹೀಗೆ ಅರ್ಥಿಂಗ್ ಕೊಡಲು ಹೋಗಬೇಡಿ. ಅನುಭವ ಇಲ್ಲದವರು ಅವುಗಳನ್ನು ಬಿಚ್ಚದಿರುವುದೇ ಲೇಸು.

ಮೊದಲ ಸಲ ಕರೆಂಟ್ ಕೊಟ್ಟದ್ದು ಸೀರೀಸ್ ಬಲ್ಬಿನ ಮೂಲಕ. ಮೈನ್ಸ್ ತಂತಿಯ ನಡುವೆ 60 ವ್ಯಾಟಿನ ಹಳೆಯ ಮಾದರಿಯ, ತಂತಿ ಉರಿಯುವ ಬಲ್ಬ್. ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಕರೆಂಟನ್ನು ತಾನೇ ತಡೆಯುತ್ತದೆ. ವಾಲ್ವ್‌ಗಳನ್ನೆಲ್ಲ ಕಿತ್ತಿಟ್ಟು ಸ್ವಿಚ್ ಹಾಕಿದಾಗ ಬಲ್ಬಿನ ತಂತಿ ಕಂಡೂ ಕಾಣದಷ್ಟು ಕೆಂಪಾಯಿತು, ಅಷ್ಟೇ. ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ ಎಂದು ನಿಟ್ಟುಸಿರು ಬಿಟ್ಟೆ.

ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರಿನ ಡಬ್ಬಿಯ ಬುಡದಲ್ಲಿ ಬಿಳಿ ಉಪ್ಪು ಒಸರಿತ್ತು. ಅದರ ಸಂಪರ್ಕ ತಪ್ಪಿಸಿ, ನೋಟಕ್ಕೆಂದು ಡಬ್ಬಿಯನ್ನು ಮಾತ್ರ ಹಾಗೇ ಬಿಟ್ಟು, ಅಡಿಯಲ್ಲಿ 47 ಮೈಕ್ರೊಫ್ಯಾರಡ್, 450 ವೋಲ್ಟಿನ ಹೊಸವು ಎರಡು ಹಾಕಿದೆ. ಇವನ್ನು ತಂದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಅಂಗಡಿಯವರು, "220 ಇದೆ ಸರ್, ದೊಡ್ಡದು ಹಾಕಿದರೆ ಗುಂಯ್‌ಗುಡುವುದು ಕಡಿಮೆಯಾಗುತ್ತದೆ" ಎಂದು ಒತ್ತಾಯಿಸಿದರು. ಒಪ್ಪಲಿಲ್ಲ. ಇಝಡ್81ರ ಮುಂದಿನ ಮೊದಲ ಕಂಡೆನ್ಸರ್ 50 ಮೈಕ್ರೊಫ್ಯಾರಡ್ ಮೀರಬಾರದೆಂದು ವಾಲ್ವಿನ ದತ್ತಾಂಶ ಪತ್ರದಲ್ಲಿಯೇ ಇದೆ. ಅದಕ್ಕಿಂತ ದೊಡ್ಡದು ಹಾಕಿದರೆ ಪ್ರತಿ ಅರೆಸುತ್ತಿನಲ್ಲೂ ಎಳೆಯುವ ಕರೆಂಟಿನ ಪೆಟ್ಟಿಗೆ ಆ ವಾಲ್ವ್ ಬೇಗ ಸಾಯುತ್ತದೆ.

ಇನ್ನು ಮುಖ್ಯ ಕಥೆಗೆ ಬರುತ್ತೇನೆ.

ವಾಲ್ವ್‌ಗಳನ್ನು ಕೂರಿಸುವ ಮೊದಲು ಒಂದೊಂದರ ತಲೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಗಾಜಿನ ನೆತ್ತಿಯೊಳಗೆ ಬೆಳ್ಳಿಯ ಕನ್ನಡಿಯಂಥ ಲೇಪ ಇರುತ್ತದೆ. ಗಾಳಿ ಒಳಹೊಕ್ಕ ವಾಲ್ವಿನಲ್ಲಿ ಅದು ಹಾಲಿನಂತೆ ಬೆಳ್ಳಗಾಗಿರುತ್ತದೆ. ಐದರಲ್ಲಿಯೂ ಕನ್ನಡಿ ಫಳಫಳ ಇತ್ತು. ಸಾಕೆಟ್‌ಗಳನ್ನೂ ಪಿನ್ನುಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಸ್ಪೀಕರಿನ ಬದಲು 15 ಓಮಿನ ತಂತಿ ಸುತ್ತಿದ ರೆಸಿಸ್ಟರ್ ಕಟ್ಟಿ, ಸ್ವಿಚ್ ಹಾಕಿದೆ. ವಾಲ್ವ್ ಆಂಪ್ಲಿಫೈಯರನ್ನು ಹೊರೆಯಿಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒತ್ತಡ ಏರಿ ಸುರುಳಿಯ ಇನ್ಸುಲೇಶನ್ ಸೀಳಬಹುದು. ಹಾಗಾಗಿ ಆ ರೆಸಿಸ್ಟರ್. ಸೀರೀಸ್ ಬಲ್ಬಿನೊಂದಿಗೆ ಎಲ್ಲ ಸರಿಯಾಗಿತ್ತು. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು ಮೂರು ನಿಮಿಷ ಕಳೆಯುವಷ್ಟರಲ್ಲಿ, ಎಡಗಡೆಯ ಇಎಲ್84ರ ಗಾಜಿನೊಳಗಿನ ಬೂದುಬಣ್ಣದ ಲೋಹದ ಪ್ಲೇಟ್ ನಡುವಿನಿಂದ ಮಂಕಾಗಿ ಕೆಂಪೇರತೊಡಗಿತು. ಒಲೆಯ ಮೇಲೆ ಮರೆತ ಬಾಣಲೆಯ ಬುಡದಂತೆ. ಓಡಿಹೋಗಿ ಪ್ಲಗ್ ಕಿತ್ತೆ.

ಅರವತ್ತು ವರ್ಷದ ವಾಲ್ವ್, ಮುಗಿದಿದೆ ಎಂದುಕೊಂಡೆ. ಹೊಸ ಇಎಲ್84 ತರಿಸಿದೆ. ರಷ್ಯಾ, ಸ್ಲೊವಾಕಿಯಾಗಳಲ್ಲಿ ಇಂದಿಗೂ ಇದನ್ನು ತಯಾರಿಸುತ್ತಾರೆ. ಹೊಸದೂ ಅದೇ ಜಾಗದಲ್ಲಿ, ಅದೇ ಮೂರು ನಿಮಿಷಕ್ಕೆ ಕೆಂಪಾಯಿತು. ಎಡದ ವಾಲ್ವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಉತ್ತರ ಸಿಗುತ್ತಿತ್ತು. ಕೆಂಪು ವಾಲ್ವಿನ ಜೊತೆ ಹೋದರೆ ದೋಷ ವಾಲ್ವಿನದು, ಸಾಕೆಟ್ಟಿನಲ್ಲೇ ಉಳಿದರೆ ದೋಷ ಸರ್ಕ್ಯೂಟಿನದು. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ.

ಆಮೇಲೆ ಮೀಟರ್ ಹಿಡಿದು ಕೂತೆ. ದೊಡ್ಡಪ್ಪನ ಸರ್ಕ್ಯೂಟಿನಲ್ಲಿ ಒಂದೊಂದು ಇಎಲ್84ರ ಕ್ಯಾಥೋಡಿಗೂ (ಪ್ಲೇಟಿನತ್ತ ಎಲೆಕ್ಟ್ರಾನ್ ಹೊರಡುವ ತುದಿ) 270 ಓಮಿನ ಪ್ರತ್ಯೇಕ ರೆಸಿಸ್ಟರ್ ಇದೆ. ಅದರ ಮೇಲಿನ ವೋಲ್ಟೇಜನ್ನು 270ರಿಂದ ಭಾಗಿಸಿದರೆ ವಾಲ್ವಿನಲ್ಲಿ ಹರಿಯುವ ಕರೆಂಟ್ ಸಿಗುತ್ತದೆ. ಬಲಗಡೆ 10 ವೋಲ್ಟ್, ಅಂದರೆ 37 ಮಿಲಿಆಂಪಿಯರ್. ಇದು ಸರಿಯಾದ ಲೆಕ್ಕ. ಎಡಗಡೆ 16 ವೋಲ್ಟ್, ಅಂದರೆ 59 ಮಿಲಿಆಂಪಿಯರ್. ಪ್ಲೇಟಿನ ಮೇಲೆ 290 ವೋಲ್ಟ್ ಇರುವಾಗ, ಅದರಲ್ಲಿ ಸ್ಕ್ರೀನ್ ಎಂಬ ಒಳಜಾಲರಿಯ ಪಾಲು ಕಳೆದರೂ, ಅಷ್ಟು ಕರೆಂಟಿಗೆ 14 ವ್ಯಾಟ್ ದಾಟುತ್ತದೆ. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್ ಮಾತ್ರ. ಕೆಂಪಾಗದೆ ಏನು ಮಾಡೀತು?

ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ ಗ್ರಿಡ್. ಅದರಲ್ಲಿ ಸೊನ್ನೆ ಇರಬೇಕಾದಲ್ಲಿ 8 ವೋಲ್ಟ್ ಧನ (ಪ್ಲಸ್) ಇತ್ತು, ಕರೆಂಟ್ ಏರಿದ್ದು ಅದರಿಂದಲೇ. ಇದಕ್ಕೆ ಎರಡೇ ಮೂಲ. ಒಂದೋ ವಾಲ್ವಿನೊಳಗೆ ಗಾಳಿಯ ಅಂಶ ಉಳಿದು ಗ್ರಿಡ್ ಕರೆಂಟ್ ಹರಿಯುತ್ತಿರಬೇಕು, ಇಲ್ಲವೆ ಹಿಂದಿನ ಹಂತದಿಂದ ಸದ್ದನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಡಿಸಿಯನ್ನೂ ದಾಟಿಸುತ್ತಿರಬೇಕು. ಎಡದ ವಾಲ್ವನ್ನು ಕಿತ್ತು, ಖಾಲಿ ಸಾಕೆಟ್ಟಿನ ಗ್ರಿಡ್ ಪಿನ್ನಿನಲ್ಲಿ ಮತ್ತೆ ಅಳೆದೆ. 8 ವೋಲ್ಟ್ ಹಾಗೇ ಇತ್ತು. ಕಳ್ಳ ಸಿಕ್ಕಿದ: ಮೇಣ ಹಾಕಿದ ಕಾಗದದ, ಕಂದು ಬಣ್ಣದ, 0.1 ಮೈಕ್ರೊಫ್ಯಾರಡಿನ ಕಂಡೆನ್ಸರ್.

ಅದನ್ನು ಬಿಚ್ಚಿ ಮೀಟರಿನ ಓಮ್ ಸ್ಥಾನದಲ್ಲಿ ಹಿಡಿದರೆ ಏನೂ ದೋಷ ಕಾಣಲಿಲ್ಲ. ಲೆಕ್ಕ ಹಾಕಿದ ಮೇಲೆ ಕಾರಣ ಹೊಳೆಯಿತು. ಗ್ರಿಡ್ಡಿನಿಂದ ನೆಲಕ್ಕೆ ಇರುವುದು 470 ಕಿಲೋ ಓಮಿನ ರೆಸಿಸ್ಟರ್. ಅದರ ಮೇಲೆ 8 ವೋಲ್ಟ್ ಏಳಲು ಹದಿನೇಳು ಮೈಕ್ರೊಆಂಪಿಯರ್ ಸಾಕು. ಕಂಡೆನ್ಸರಿನ ಇನ್ನೊಂದು ತುದಿಯಲ್ಲಿ ಸುಮಾರು 220 ವೋಲ್ಟ್ ಇದೆ. ಅಂದರೆ ಅದರ ಸೋರಿಕೆ 12 ಮೆಗಾ ಓಮಿನಷ್ಟು. ಮೀಟರಿನೊಳಗಿನ ಸಣ್ಣ ಬ್ಯಾಟರಿಯ ಮುಂದೆ ಅದು ಇನ್ನೂ ಒಳ್ಳೆಯದಾಗಿಯೇ ಕಾಣುತ್ತದೆ. ದೋಷ ಹೊರಬೀಳುವುದು ನೂರಾರು ವೋಲ್ಟಿನ ಒತ್ತಡ ಬಿದ್ದಾಗ ಮಾತ್ರ. ಮಲೆನಾಡಿನ ಇಪ್ಪತ್ತು ಮಳೆಗಾಲದ ತೇವ ಆ ಕಾಗದದೊಳಗೆ ಇಳಿದಿತ್ತು. ಎರಡೂ ಬದಿಗೆ 630 ವೋಲ್ಟಿನ ಪಾಲಿಪ್ರೊಪಿಲೀನ್ ಕಂಡೆನ್ಸರ್ ಹಾಕಿದೆ. ಗ್ರಿಡ್ ಸೊನ್ನೆಗೆ ಬಂತು, ಎಡದ ಕ್ಯಾಥೋಡ್ 10.3ಕ್ಕೆ ನಿಂತಿತು. ದೊಡ್ಡಪ್ಪನ ಹಳೆಯ ಬಿಇಎಲ್ ವಾಲ್ವನ್ನೇ ಮತ್ತೆ ಕೂರಿಸಿದೆ. ಅದಕ್ಕೆ ಏನೂ ಆಗಿರಲಿಲ್ಲ. ಹೊಸದು ಈಗ ಡಬ್ಬಿಯಲ್ಲಿದೆ.

ಅನೇಕರು ಹಳೆಯ ಸೆಟ್ ಸಿಕ್ಕ ಕೂಡಲೇ ಒಳಗಿನದನ್ನೆಲ್ಲ ಕಿತ್ತು ಹೊಸದು ತುಂಬುತ್ತಾರೆ. ನನಗದು ಒಪ್ಪಿಗೆಯಿಲ್ಲ. ಹಾಗೆ ಮಾಡಿದ ಮೇಲೆ ಬೇರೆ ತೊಂದರೆ ಕಾಣಿಸಿಕೊಂಡರೆ ಅದು ಹಳೆಯದೋ, ನಾವು ಬೆಸುಗೆ ಹಾಕುವಾಗ ತಂದುಕೊಂಡದ್ದೋ ಎಂದು ತಿಳಿಯುವುದೇ ಇಲ್ಲ. ನಾನು ಬದಲಿಸಿದ್ದು ಅಳತೆಯಲ್ಲಿ ಸೋತವುಗಳನ್ನು ಮಾತ್ರ. ಇಸಿಸಿ83ರ 180 ಕಿಲೋ ಓಮಿನ ರೆಸಿಸ್ಟರ್ ಒಂದು 240 ಆಗಿತ್ತು, ಅದು ಹೋಯಿತು. ಉಳಿದವು ಇದ್ದಲ್ಲೇ ಇವೆ.

ಮೈನ್ಸಿನ ವಿಷಯದಲ್ಲಿ ಸ್ವಲ್ಪ ತಲೆ ಓಡಿಸಬೇಕಾಯಿತು. ಟ್ರಾನ್ಸ್‌ಫಾರ್ಮರ್ 220 ವೋಲ್ಟಿನದು. ನಮ್ಮಲ್ಲಿ ತೋಟದ ಪಂಪ್‌ಸೆಟ್‌ಗಳು ಓಡುವಾಗ 205 ಇರುತ್ತದೆ, ರಾತ್ರಿ ಹತ್ತರ ಮೇಲೆ 248ಕ್ಕೆ ಏರುತ್ತದೆ. ಆಗ ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿನ, 6.3 ಇರಬೇಕಾದ ವೋಲ್ಟೇಜ್ 7.1 ಆಗುತ್ತಿತ್ತು. 12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಮೈನ್ಸಿಗೆ ಸರಣಿಯಲ್ಲಿ, ಉಲ್ಟಾ ದಿಕ್ಕಿಗೆ ಜೋಡಿಸಿದೆ. ಅದು ತನ್ನ ಪಾಲನ್ನು ಕಳೆಯುತ್ತದೆ, 248 ಇದ್ದದ್ದು 235 ಆಗುತ್ತದೆ. ದಿಕ್ಕು ತಪ್ಪಿದರೆ ಕಳೆಯುವ ಬದಲು ಕೂಡುತ್ತದೆ, ಆದ್ದರಿಂದ ಸೆಟ್ ಸೇರಿಸುವ ಮೊದಲೇ ಅಳೆದು ನೋಡಬೇಕು. ವೋಲ್ಟೇಜ್ ಕಡಿಮೆ ಇರುವ ಹೊತ್ತಿಗೆ ಆ ಸಣ್ಣ ಟ್ರಾನ್ಸ್‌ಫಾರ್ಮರನ್ನು ಬದಿಗಿಡಲು ಒಂದು ಸ್ವಿಚ್ ಇಟ್ಟಿದ್ದೇನೆ.

ಗುಂಯ್ ಸದ್ದಿನ ಬಗ್ಗೆ ಒಂದು ಸುಳುಹು. ಅದು 50 ಹರ್ಟ್ಸೋ 100 ಹರ್ಟ್ಸೋ ಎಂದು ಕಿವಿಯೇ ಹೇಳಬಲ್ಲದು. ಬಿಳಿ ಒಂದಕ್ಕೆ ಶ್ರುತಿ ಮಾಡಿದ ಗಂಡು ದನಿಯ ತಂಬೂರಿಯ ಪಂಚಮದ ತಂತಿ ಸುಮಾರು 98 ಹರ್ಟ್ಸ್. ಗುಂಯ್ ಅದರ ಹತ್ತಿರ ಇದ್ದರೆ ಫಿಲ್ಟರ್ ಕಂಡೆನ್ಸರ್ ನೋಡಿ. ಅದಕ್ಕಿಂತ ಒಂದು ಸಪ್ತಕ ಕೆಳಗಿದ್ದರೆ ಹೀಟರಿನ ತಂತಿ, ಅರ್ಥಿಂಗ್, ಇನ್‌ಪುಟ್ ವಯರುಗಳ ಕಡೆ ನೋಡಿ. ನನ್ನದು ಕೆಳಗಿನದಾಗಿತ್ತು. ಇಎಫ್86ರ ಬಳಿ ಹೀಟರ್ ತಂತಿಗಳ ಹೊಸೆತ ಬಿಚ್ಚಿಕೊಂಡಿತ್ತು. ಮತ್ತೆ ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿದೆ, ನಿಂತಿತು.

ಸ್ಪೀಕರ್ ಹನ್ನೆರಡು ಅಂಗುಲದ್ದು, 15 ಓಮಿನದು. ಮೀಟರಿನಲ್ಲಿ 12.3 ಓಮ್ ತೋರಿಸಿದ್ದರಿಂದ ಸುರುಳಿ ಕಡಿದಿಲ್ಲ ಎಂದು ತಿಳಿಯಿತು. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಕೋನ್ (ಸದ್ದು ಹೊರಡಿಸುವ ಕಾಗದದ ಶಂಕು) ಟಕ್ಕೆಂದು ಮುಂದೆ ಬಂತು. ಆದರೆ ಎರಡೂ ಕೈಯ ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿದಾಗ ಒಳಗೆ ಕರಕರ ಎಂದಿತು. ಪೆಟ್ಟಿಗೆಯ ಹಿಂಬದಿಯ ತೂತಿನೊಳಗೆ ಕುಂಬಾರ ಹುಳು ಗೂಡು ಕಟ್ಟಿ ಬಿಟ್ಟುಹೋಗಿತ್ತು, ಒಣಗಿದ ಕೆಮ್ಮಣ್ಣು ಉದುರಿ ಕೋನಿನ ಹರಿದ ಅಂಚಿನಿಂದ ಅಯಸ್ಕಾಂತದ ಸಂದಿಗೆ ಇಳಿದಿತ್ತು. ಅಯಸ್ಕಾಂತ ಅಲ್ನಿಕೊ ಜಾತಿಯದು. ಅದನ್ನು ಬಿಚ್ಚಿ ಬೇರೆ ಮಾಡಿದರೆ ಬಲ ಕಳೆದುಕೊಳ್ಳುತ್ತದೆ, ಮತ್ತೆ ಜೋಡಿಸಿದರೂ ಮೊದಲಿನಂತಾಗುವುದಿಲ್ಲ. ಹಾಗಾಗಿ ಮುಂದಿನಿಂದಲೇ ಹೋಗಬೇಕಾಯಿತು. ನಡುವಿನ ಬಟ್ಟೆಯ ಟೋಪಿಯ ಸುತ್ತ ಸಣ್ಣ ಬ್ರಷ್ಷಿನಲ್ಲಿ ಅಸಿಟೋನ್ ಹಚ್ಚಿ, ಅಂಟು ಮೆತ್ತಗಾದ ಮೇಲೆ ಬ್ಲೇಡಿನ ತುದಿಯಿಂದ ಎತ್ತಿದೆ. ಹಳೆಯ ಕ್ಯಾಮೆರಾ ಫಿಲ್ಮನ್ನು ಕಿರಿದಾಗಿ ಕತ್ತರಿಸಿ, ತೆಳುವಾದ ಅಂಟುಪಟ್ಟಿ ಹಚ್ಚಿ, ಸಂದಿಯೊಳಗೆ ಇಳಿಸಿ ಸುತ್ತಲೂ ತಿರುಗಿಸಿ ಎಳೆದರೆ ಕೆಂಪು ಕಾಳುಗಳು ಅಂಟಿ ಬಂದವು. ಮೂವತ್ತು ನಲವತ್ತು ಸಲ ಮಾಡಿದ ಮೇಲೆ ಪಟ್ಟಿ ಶುಭ್ರವಾಗಿ ಹೊರಬಂತು.

ಹರಿದ ಅಂಚಿಗೆ ಗಾಳಿಪಟದ ಕಾಗದ ಮತ್ತು ನೀರು ಬೆರೆಸಿದ ಬಿಳಿ ಅಂಟು. ದಪ್ಪ ಕಾಗದ ಹಾಕಿದರೆ ಅಲ್ಲಿ ಕೋನ್ ಗಟ್ಟಿಯಾಗಿ ಸದ್ದು ಕೆಡುತ್ತದೆ. ಅಂಟು ಒಂದು ರಾತ್ರಿ ಒಣಗಿದ ಮೇಲೆ ಸ್ಪೀಕರನ್ನು ತಲೆಕೆಳಗಾಗಿ ತಿರುಗಿಸಿ ಪೆಟ್ಟಿಗೆಗೆ ಬಿಗಿದೆ. ಅರವತ್ತು ವರ್ಷ ಒಂದೇ ಭಂಗಿಯಲ್ಲಿ ನಿಂತ ಕೋನ್ ತನ್ನ ಭಾರಕ್ಕೆ ತುಸು ಜೋತಿರುತ್ತದೆ, ತಿರುಗಿಸಿದರೆ ನಿಧಾನವಾಗಿ ನಡುವಿಗೆ ಬರುತ್ತದೆ. ಮೊಬೈಲಿನಿಂದ 30 ಹರ್ಟ್ಸಿನ ಸ್ವರವನ್ನು ತೀರ ಮೆಲ್ಲಗೆ ನುಡಿಸಿ ಕಿವಿಯಿಟ್ಟೆ. ಉಜ್ಜುವ ಸದ್ದಿರಲಿಲ್ಲ.

ಅಂದು ಸಂಜೆ ದೊಡ್ಡಪ್ಪನ ಎಲ್‌ಪಿಗಳಲ್ಲಿ ಗಂಗೂಬಾಯಿ ಹಾನಗಲ್ ಅವರದೊಂದನ್ನು ಹಾಕಿದೆವು. ಅವರ ಗಡಸು ದನಿ ಮಂದ್ರಕ್ಕೆ ಇಳಿದಾಗ ಹಲಸಿನ ಹಲಗೆ ಅಂಗೈಗೆ ತಾಗುವಂತೆ ಮಿಡಿಯಿತು. ದೊಡ್ಡಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತರು. ಒಂದು ಬದಿ ಮುಗಿಯುವವರೆಗೂ ಕೂರಲಿಲ್ಲ.

ಈಗ ಮಳೆಗಾಲ. ತೇವ ಕೂರದಿರಲೆಂದು ವಾರಕ್ಕೆ ಎರಡು ಸಲ ಒಂದೊಂದು ಗಂಟೆ ಓಡಿಸುತ್ತೇನೆ. ಪೆಟ್ಟಿಗೆಯ ತೂತಿಗೆ ಸೊಳ್ಳೆ ಪರದೆಯ ತುಂಡು ಬಿಗಿದಿದ್ದೇನೆ. ಆಷಾಢದಲ್ಲಿ ಅಳೆದಾಗ ಎಡದ ಕ್ಯಾಥೋಡ್ 10.3, ಬಲದ್ದು 10.1 ಇತ್ತು. ವಾಲ್ಯೂಮ್ ತಿರುಗಿಸುವಾಗ ಬರುವ ಚರಚರ ಸದ್ದೊಂದು ಬಾಕಿ ಉಳಿದಿದೆ, ಬಿಸಿಲು ಬಂದ ಮೇಲೆ ಅದನ್ನು ಬಿಚ್ಚಬೇಕು.