ಪಾತ್ರಕ್ಕೆ ಕನ್ನಡ ಮಾತಾಡಿಸುವುದು: ಮೊದಲು ತುಟಿ ಮುಚ್ಚಿಸಿ

ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರ್ ಕಲಿಯುವ ಹುಡುಗರು ತಮ್ಮ ಮೊದಲ ಮಾತಾಡುವ ಪಾತ್ರವನ್ನು ತಂದು ತೋರಿಸುತ್ತಾರೆ. ಮುಖ ಚೆನ್ನಾಗಿರುತ್ತದೆ, ಕೂದಲು ಇನ್ನೂ ಚೆನ್ನಾಗಿರುತ್ತದೆ. ಆಡಿಯೊ ಹಾಕಿದ ಕೂಡಲೇ ಅದು ಎಮ್ಮೆ ಮೆಲುಕು ಹಾಕಿದ ಹಾಗೆ ಬಾಯಾಡಿಸುತ್ತದೆ! ಕಾರಣ ಹೆಚ್ಚಾಗಿ ಒಂದೇ. ಪ್ರತಿ ಅಕ್ಷರಕ್ಕೂ ಬಾಯಿ ತೆರೆಸಿರುತ್ತಾರೆ, ಮುಚ್ಚಬೇಕಾದ ಕಡೆ ಮುಚ್ಚಿಸಿರುವುದಿಲ್ಲ.

ಹಂತ 1: ಫ್ರೇಮ್ ರೇಟ್ 24ಕ್ಕೆ ಇಡಿ, ಅಂದರೆ ಸೆಕೆಂಡಿಗೆ 24 ಚಿತ್ರ. ಪ್ಲೇಬ್ಯಾಕ್ ಮೆನುವಿನಲ್ಲಿ ‘ಸಿಂಕ್ ಟು ಆಡಿಯೊ’ ಆರಿಸಿ. ಇದನ್ನು ಮರೆತರೆ ದಿನವಿಡೀ ಮಾಡಿದ ಕೆಲಸ ರೆಂಡರ್‌ನಲ್ಲಿ (ಕೊನೆಗೆ ಹೊರಬರುವ ವಿಡಿಯೊದಲ್ಲಿ) ಆಚೀಚೆ ಆಗುತ್ತದೆ.

ಹಂತ 2: ಮಾತನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳಿ. ಸ್ಕ್ರಿಪ್ಟ್‌ನಲ್ಲಿ ‘ಹೋಗಬೇಕು’ ಅಂತಿದ್ದರೂ ದನಿ ಕೊಟ್ಟವರು ‘ಹೋಗ್ಬೇಕು’ ಅಂದಿರುತ್ತಾರೆ.

ಹಂತ 3: ಶೇಪ್ ಕೀ, ಅಂದರೆ ಮುಖದ ಒಂದೊಂದು ಆಕಾರವನ್ನು ಮಾಡಿಟ್ಟುಕೊಂಡು ಬೇಕಾದಾಗ ಬೇಕಾದಷ್ಟು ತರುವುದು. ಶುರುವಿಗೆ ಐದೇ ಸಾಕು. ತೆರೆದ ಬಾಯಿ (ಆ), ಅಗಲ ಬಾಯಿ (ಈ, ಏ), ದುಂಡು ಬಾಯಿ (ಊ, ಓ), ಮುಚ್ಚಿದ ಬಾಯಿ (ಪ, ಬ, ಮ), ಕೆಳತುಟಿ ಮೇಲಿನ ಹಲ್ಲಿಗೆ ತಾಗಿದ ಬಾಯಿ (ವ, ಮತ್ತೆ ‘ಫೋನ್’ನ ಫ). ಕ, ಗ ಬಾಯಿಯ ಹಿಂಭಾಗದ ಕೆಲಸ. ಟ, ಡ ಅನ್ನುವಾಗ ನಾಲಿಗೆ ಒಳಗೇ ಮಡಚಿಕೊಳ್ಳುತ್ತದೆ. ಹೊರಗೆ ಕಾಣದ್ದಕ್ಕೆ ಸುಮ್ನೆ ಶೇಪ್ ಮಾಡಬೇಡಿ. ಇನ್ನೊಂದು ಮಾತು, ಮೇಲಿನ ಹಲ್ಲು ತಲೆಬುರುಡೆಗೆ ಅಂಟಿಕೊಂಡಿದೆ. ಅದನ್ನು ಅಲ್ಲಾಡಿಸಬೇಡಿ, ದಯವಿಟ್ಟು.

ಹಂತ 4: ಮೊದಲು ದವಡೆ ಮಾತ್ರ ಆಡಿಸಿ. ಗಲ್ಲದ ಕೆಳಗೆ ಕೈ ಇಟ್ಟುಕೊಂಡು ಮಾತನ್ನು ಹೇಳಿ ನೋಡಿ, ಎಲ್ಲಿ ಎಷ್ಟು ಇಳಿಯುತ್ತದೆ ಅಂತ ಗೊತ್ತಾಗುತ್ತದೆ.

ಹಂತ 5: ತುಟಿ ಮುಚ್ಚಿಸುವುದು. ಎಲ್ಲರೂ ಎಡವುವುದು ಇಲ್ಲೇ.

‘ಅಪ್ಪಾ, ಪುಟ್ಟಿ ಬಂದ್ಲು’ ಅನ್ನುವ ಮಾತು ತಗೊಳ್ಳಿ. ಆಡಿಯೊದ ಅಲೆಯಲ್ಲಿ ‘ಅ’ 10ನೇ ಫ್ರೇಮಿಗೆ ಶುರುವಾಗಿ 14ಕ್ಕೆ ನಿಂತಿದೆ ಅಂದುಕೊಳ್ಳಿ. 14ರಿಂದ 17ರವರೆಗೆ ಗೆರೆ ಚಪ್ಪಟೆ. 18ಕ್ಕೆ ‘ಪಾ’ ಸಿಡಿಯುತ್ತದೆ. ಹುಡುಗರು ‘ಪ’ ಕೇಳಿಸಿದ್ದು 18ಕ್ಕೆ ಅಂತ ಅಲ್ಲೇ ಬಾಯಿ ಮುಚ್ಚಿಸುತ್ತಾರೆ. ಆದರೆ ‘ಪ’ದ ಸದ್ದು ಬರುವುದೇ ತುಟಿ ಬಿಚ್ಚಿದಾಗ, ಅಲ್ವಾ? ಮುಚ್ಚಿರಬೇಕಾದದ್ದು ಆ ಚಪ್ಪಟೆ ಗೆರೆಯ ಉದ್ದಕ್ಕೂ. ನಾನಂತೂ ಇನ್ನೂ ಒಂದು ಫ್ರೇಮ್ ಮುಂಚೆಯೇ, 13ಕ್ಕೇ ಮುಚ್ಚಿಸುತ್ತೇನೆ. ಬಾಯಿ ದನಿಗಿಂತ ತುಸು ಮುಂದಿದ್ದರೆ ಕಣ್ಣು ಒಪ್ಪುತ್ತದೆ, ಹಿಂದೆ ಬಿದ್ದರೆ ಒಪ್ಪುವುದಿಲ್ಲ.

ಕೀ (ಈ ಫ್ರೇಮಿನಲ್ಲಿ ಶೇಪ್ ಇಷ್ಟಿರಲಿ ಅನ್ನುವ ಗುರುತು) ಒಂದೇ ಹಾಕಿದರೆ ತುಟಿ ತಾಗಿದಂತೆ ಮಾಡಿ ಬಿಟ್ಟುಬಿಡುತ್ತದೆ. ಒಂದು ಫ್ರೇಮ್ ಅಂದರೆ ಸೆಕೆಂಡಿನ 24ನೇ ಒಂದು ಭಾಗ, ಕಣ್ಣಿಗೆ ಸಿಗುವುದಿಲ್ಲ. ಮುಚ್ಚುವ ಕಡೆ ಒಂದು, ಬಿಡುವ ಕಡೆ ಒಂದು, ಎರಡಕ್ಕೂ ಒಂದೇ ಬೆಲೆ ಕೊಡಿ. ಒಂಟಿ ‘ಪ’ಕ್ಕೆ ಎರಡು ಫ್ರೇಮ್ ಸಾಕು. ಒತ್ತಿನ ‘ಪ್ಪ’, ‘ಮ್ಮ’, ‘ಬ್ಬ’ಗಳಿಗೆ ಮೂರು ನಾಲ್ಕು ಬೇಕು. ಕನ್ನಡದ ಮಾತಿಗೆ ತೂಕ ಬರುವುದು ಈ ಹಿಡಿತದಿಂದ.

‘ಪುಟ್ಟಿ’ಯ ‘ಪು’ ನೋಡಿ. ತುಟಿ ಮುಚ್ಚಿರುವಾಗಲೇ ಮುಂದೆ ಚಾಚಿರುತ್ತದೆ. ಹಾಗಾಗಿ ಮುಚ್ಚಿದ ಶೇಪ್ ಜೊತೆಗೇ ದುಂಡು ಶೇಪ್ ಅನ್ನು 0.4ರಷ್ಟು (ಪೂರ್ತಿ ಅಂದರೆ 1) ಏರಿಸಿ. ‘ಟ್ಟಿ’ಗೆ ತುಟಿಯ ಕೆಲಸ ಜಾಸ್ತಿ ಇಲ್ಲ, ದುಂಡಿನಿಂದ ಅಗಲಕ್ಕೆ ಜಾರಿದರೆ ಸಾಕು. ‘ಬಂ’ಗೆ ಮತ್ತೆ ಎರಡು ಫ್ರೇಮ್. ಕೊನೆಯ ‘ಲು’ ಮಾತಿನಲ್ಲಿ ಅರ್ಧ ನುಂಗಿಹೋಗಿರುತ್ತದೆ, ಬಾಯಿ ಪೂರ್ತಿ ದುಂಡು ಮಾಡಿದರೆ ಶಿಳ್ಳೆ ಹೊಡೆದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಯಾಕೆ, ತಾನಾಗಿಯೇ ಮಾಡುವ ಸಾಫ್ಟ್‌ವೇರ್ ಇದೆಯಲ್ಲ ಅನ್ನಬಹುದು. ಒಮ್ಮೆ ದುಡ್ಡು ಕೊಟ್ಟು ಒಂದು ಆಡ್‌ಆನ್ (ಬ್ಲೆಂಡರ್‌ಗೆ ಸೇರಿಸಿಕೊಳ್ಳುವ ಉಪಕರಣ) ತಗೊಂಡಿದ್ದೆ. ಅದು ಒತ್ತಕ್ಷರ ಕಂಡಲ್ಲೆಲ್ಲ ಬಾಯಿ ಎರಡು ಸಲ ಬಡಿಸುತ್ತಿತ್ತು. ರುಬಾರ್ಬ್ ಅನ್ನುವ ಪುಕ್ಕಟೆಯ ಸಾಫ್ಟ್‌ವೇರ್ ಪರವಾಗಿಲ್ಲ. ಆದರೆ ಅದು ಸುಮ್ಮನೆ ಬಿಟ್ಟರೆ ಇಂಗ್ಲಿಷ್ ಅಂತಲೇ ಕೇಳಿಸಿಕೊಳ್ಳುತ್ತದೆ. ಕನ್ನಡಕ್ಕೆ ‘ಫೊನೆಟಿಕ್’ ಆಯ್ಕೆ ಹಾಕಿ, ಆಮೇಲೆ ಪ, ಬ, ಮ ಬರುವ ಕಡೆ ಕೈಯಿಂದಲೇ ಸರಿ ಮಾಡಿ.

ಹಂತ 6: ಕಣ್ಣು ಮಿಟುಕಿಸಿ, ಒತ್ತಿ ಹೇಳುವ ಪದಕ್ಕೆ ತಲೆ ತುಸು ಆಡಿಸಿ.

ಕೊನೆಗೆ ದನಿ ಮ್ಯೂಟ್ ಮಾಡಿ ಮನೆಯಲ್ಲಿ ಯಾರಿಗಾದರೂ ತೋರಿಸಿ. ಅವರು ‘ಅಪ್ಪ’ ಬದಲು ‘ಅಮ್ಮ’ ಅಂದರೆ ಗಾಬರಿ ಬೇಡ. ತುಟಿಯ ಮಟ್ಟಿಗೆ ಎರಡೂ ಒಂದೇ. ‘ಅಕ್ಕ’ ಅಂದರೆ ಮಾತ್ರ 5ನೇ ಹಂತಕ್ಕೆ ವಾಪಸ್ ಹೋಗಿ.